ಮೊದಲ ತೇಪೆ

ಸೂರತ್‌ನ ಕತಾರ್ಗಾಂ ಕಡೆ ನೇಯ್ಗೆ ಶೆಡ್ಡುಗಳ ಓಣಿಗೆ ಕಾಲಿಟ್ಟರೆ ಪಕ್ಕದವರ ಮಾತು ಕಿವಿಗೆ ಬೀಳುವುದಿಲ್ಲ. ಮಗ್ಗಗಳ ಖಟಖಟ ಒಂದೇ ಸಮ. ಒಡಿಶಾದ ಗಂಜಾಂನಿಂದ ದುಡಿಯಲು ಬಂದವರು ಈ ಊರಿನ ಮಗ್ಗಗಳಲ್ಲಿ ಸಾವಿರಗಟ್ಟಲೆ ಇದ್ದಾರೆ. ಶೆಡ್ಡಿನೊಳಗೆ ಬಾಯಿಗಿಂತ ಕೈಸನ್ನೆಗೇ ಬೆಲೆ. ಹಳೆಯ ಜಕಾರ್ಡ್ ಮಗ್ಗವೊಂದು ಕಂಡರೆ ನಿಂತು ತಲೆಯೆತ್ತಿ ನೋಡಿ. ಮೇಲೊಂದು ಪೆಟ್ಟಿಗೆ. ಅದರ ಪಕ್ಕ, ದಾರದಿಂದ ಒಂದಕ್ಕೊಂದು ಹೊಲಿದ ರಟ್ಟಿನ ಪಟ್ಟಿಗಳು ಮಾಲೆಯ ಹಾಗೆ ಇಳಿಬಿದ್ದಿರುತ್ತವೆ. ಪಟ್ಟಿಯ ತುಂಬ ತೂತು. ಲಾಳಿ ಒಮ್ಮೆ ಓಡಿದರೆ ಒಂದು ಪಟ್ಟಿ ಮುಂದೆ ಸರಿಯುತ್ತದೆ. ತೂತಿದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಅದಕ್ಕೆ ಸೇರಿದ ಕೊಕ್ಕೆ ಹಾಸಿನ ಎಳೆಯನ್ನು ಎತ್ತುತ್ತದೆ. ತೂತಿಲ್ಲದಲ್ಲಿ ಸೂಜಿ ಹಿಂದಕ್ಕೆ ಸರಿಯುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಎದ್ದ ಎಳೆಗಳ ಅಡಿಯಲ್ಲಿ ಹೊಕ್ಕು ಹಾಯುತ್ತದೆ. ಮಗ್ಗಕ್ಕೆ ಗೊತ್ತಿರುವುದು ಇಷ್ಟೇ.

ಹೌದು, ಇಲ್ಲ ಎಂಬ ಎರಡೇ ಮಾತು ಬಲ್ಲ ಯಂತ್ರ ಸೆರಗಿನ ಮೇಲೆ ನವಿಲು ಕೂರಿಸುತ್ತದೆ. ಫ್ರಾನ್ಸಿನ ಲಿಯಾನ್‌ನಲ್ಲಿ ಜೋಸೆಫ್ ಮರಿ ಜಕಾರ್ಡ್ ಈ ಏರ್ಪಾಡನ್ನು 1804ರಲ್ಲಿ ನಿಲ್ಲಿಸಿದ. 1839ರಲ್ಲಿ ಅವನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯ್ದಾಗ ಸುಮಾರು 24,000 ಪಟ್ಟಿ ಬೇಕಾದವು. ಗಣಕದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ಅದರ ಒಂದು ಪ್ರತಿಯನ್ನು ತರಿಸಿಕೊಂಡು ಮನೆಯಲ್ಲಿಟ್ಟುಕೊಂಡಿದ್ದ.

ಕಲಾವಿದ ಬರೆದದ್ದು ನವಿಲು. ಮಗ್ಗಕ್ಕೆ ಬೇಕಾದದ್ದು ತೂತು. ನಡುವೆ ಕೂತು ನವಿಲನ್ನು ತೂತಾಗಿಸಿದವರು ಯಾರು? ಈ ಅಧ್ಯಾಯ ಇರುವುದು ಆ ನಡುವಿನವರ ಬಗ್ಗೆ, ಅವರ ಸಾಲಿನಲ್ಲಿ ಹೋಗಿ ಕೂರಬೇಕೆಂದಿರುವ ವಿದ್ಯಾರ್ಥಿಗಳಿಗಾಗಿ.

ಚಿತ್ರವೂ ಅಲ್ಲ, ಬಟ್ಟೆಯೂ ಅಲ್ಲ

ಜಕಾರ್ಡ್ ಬರುವುದಕ್ಕೆ ಎಷ್ಟೋ ಮೊದಲೇ ಅಹಮದಾಬಾದ್ ಮತ್ತು ಸೂರತ್ ಕಿಂಖಾಬಿಗೆ, ಅಂದರೆ ಜರಿ ತುಂಬಿದ ರೇಷ್ಮೆಗೆ, ಹೆಸರಾಗಿದ್ದವು. ಅಹಮದ್ ಷಾ 1411ರಲ್ಲಿ ಕೋಟೆ ಕಟ್ಟುವ ಮೊದಲು ಸಾಬರಮತಿಯ ದಂಡೆಯಲ್ಲಿದ್ದ ಊರು ಆಶಾವಲ್. ಇಂದಿಗೂ ಅಲ್ಲಿಯ ಜರಿ ಸೀರೆಗೆ ಆಶಾವಲಿ ಎಂದೇ ಹೆಸರು. ಇಂಥ ಬಟ್ಟೆಯ ಹಿಂದೆ ಒಬ್ಬ ಕಸುಬುದಾರನಿರುತ್ತಿದ್ದ: ನಕ್ಷಬಂದ್, ನಕ್ಷೆ ಕಟ್ಟುವವನು. ಕಾಗದದ ಮೇಲಿನ ಹೂವನ್ನು ಅವನು ಎಳೆ ಎಣಿಸಿ ದಾರದಲ್ಲೇ ಕಟ್ಟುತ್ತಿದ್ದ. ಯಾವ ಸಾಲಿಗೆ ಯಾವ ಹಾಸಿನೆಳೆ ಏಳಬೇಕು ಎಂಬುದು ಆ ಗಂಟುಗಳಲ್ಲಿ ಅಡಗಿರುತ್ತಿತ್ತು. ಆ ದಾರದ ಕಂತೆಯನ್ನು ಮಗ್ಗಕ್ಕೆ ಜೋಡಿಸಿದರೆ, ಎಳೆಯುವ ಹುಡುಗ ಸರದಿಯಂತೆ ಎಳೆಯುತ್ತಿದ್ದ, ನೇಕಾರ ನೇಯುತ್ತಿದ್ದ. ಹೂವು ಹೇಗಿದೆ ಎಂದು ಇಬ್ಬರಿಗೂ ಗೊತ್ತಿರಬೇಕಾಗಿರಲಿಲ್ಲ.

ಆ ಕಂತೆ ನೋಡಲು ಚಿತ್ರವೂ ಅಲ್ಲ, ಬಟ್ಟೆಯೂ ಅಲ್ಲ. ಎರಡರ ನಡುವಿನ ಮೂರನೆಯ ರೂಪ. ನಾವು ಬರೆದ ಪ್ರೋಗ್ರಾಮನ್ನು ಚಿಪ್‌ನ ಭಾಷೆಗೆ ಅನುವಾದಿಸುವ ಕಂಪೈಲರ್ ಎಂಬ ತಂತ್ರಾಂಶದ ಜೀವ ಇರುವುದೂ ಇಂಥ ಮೂರನೆಯ ರೂಪದಲ್ಲೇ.

ನೀವು ಸಿ, ರಸ್ಟ್ ಅಥವಾ ಫೋರ್ಟ್ರಾನ್‌ನಲ್ಲಿ ಬರೆದದ್ದು ನಿಮಗೆ ಅರ್ಥವಾಗುವ ನವಿಲು. ಚಿಪ್‌ಗೆ ಬೇಕಾದದ್ದು ಒಂದು, ಸೊನ್ನೆಗಳ ತೂತು. ಮೂರು ಭಾಷೆ, ನಾಲ್ಕು ಬಗೆಯ ಚಿಪ್ ಇವೆ ಎನ್ನಿ. ಪ್ರತಿ ಭಾಷೆಯಿಂದ ಪ್ರತಿ ಚಿಪ್‌ಗೆ ನೇರವಾಗಿ ಅನುವಾದಿಸಹೊರಟರೆ ಹನ್ನೆರಡು ಕಂಪೈಲರ್ ಬೇಕು. ನಡುವೆ ಒಂದು ಸಾಮಾನ್ಯ ನಕ್ಷೆ ಇಟ್ಟುಕೊಂಡರೆ ಭಾಷೆಯಿಂದ ನಕ್ಷೆಗೆ ಮೂರು, ನಕ್ಷೆಯಿಂದ ಚಿಪ್‌ಗೆ ನಾಲ್ಕು, ಒಟ್ಟು ಏಳೇ ಸಾಕು. ನಾಳೆ ಐದನೆಯ ಚಿಪ್ ಬಂದರೆ ಒಂದನ್ನು ಬರೆದರೆ ಮುಗಿಯಿತು. ಕೋಡನ್ನು ವೇಗಗೊಳಿಸುವ ಉಪಾಯಗಳನ್ನೂ ಆ ನಡುವಿನ ನಕ್ಷೆಯ ಮೇಲೆ ಒಮ್ಮೆ ಬರೆದರೆ ಎಲ್ಲ ಭಾಷೆಗೂ ಸಲ್ಲುತ್ತವೆ.

ಎಲ್‌ಎಲ್‌ವಿಎಂ ಯೋಜನೆ ಹೆಸರು ಮಾಡಿದ್ದು ಈ ನಡುವಿನ ನಕ್ಷೆಯನ್ನು ಚೊಕ್ಕವಾಗಿ ಕಟ್ಟಿಕೊಟ್ಟಿದ್ದಕ್ಕೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಅದನ್ನು ಆರಂಭಿಸಿದವರು ಆಗ ವಿದ್ಯಾರ್ಥಿಯಾಗಿದ್ದ ಕ್ರಿಸ್ ಲ್ಯಾಟ್ನರ್ ಮತ್ತು ಅವರ ಮಾರ್ಗದರ್ಶಿ, ಮುಂಬಯಿ ಐಐಟಿಯಲ್ಲಿ ಓದಿದ ವಿಕ್ರಮ್ ಆಡ್ವೆ. ಅದಕ್ಕೂ ಮೊದಲು, 1987ರಲ್ಲಿ, ರಿಚರ್ಡ್ ಸ್ಟಾಲ್ಮನ್ ಜಿಸಿಸಿ ಕಂಪೈಲರನ್ನು ಬಿಡುಗಡೆ ಮಾಡಿದ್ದರು. ಇವೆರಡರ ಕೋಡೂ ಮುಕ್ತ. ಅಹಮದಾಬಾದಿನ ಹಾಸ್ಟೆಲ್ ಕೋಣೆಯಲ್ಲಿ ಕೂತು ಯಾರ ಅಪ್ಪಣೆಯನ್ನೂ ಕೇಳದೆ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಕಳಿಸಬಹುದು. ಕಳಿಸಿದ್ದನ್ನು ಒಳಗೆ ಬಿಟ್ಟುಕೊಳ್ಳುತ್ತಾರೆಯೇ ಎಂಬುದು ಬೇರೆ ಮಾತು. ಅದಕ್ಕೆ ಮೊದಲು ಒಂದು ಲೆಕ್ಕ ಮಾಡೋಣ.

ಮೈನಸ್ ಏಳರ ಅರ್ಧ

ಎರಡರಿಂದ ಭಾಗಿಸುವುದು ಚಿಪ್‌ಗೆ ದುಬಾರಿ ಕೆಲಸ. ಅಂಕಿಗಳನ್ನೆಲ್ಲ ಒಂದು ಮನೆ ಬಲಕ್ಕೆ ಸರಿಸುವುದು ಅಗ್ಗ. ದಶಮಾನದಲ್ಲಿ 70ನ್ನು ಒಂದು ಮನೆ ಬಲಕ್ಕೆ ಸರಿಸಿದರೆ 7 ಆಗುವ ಹಾಗೆ, ದ್ವಿಮಾನದಲ್ಲಿ ಒಂದು ಮನೆ ಸರಿಸಿದರೆ ಅರ್ಧ ಆಗುತ್ತದೆ. ಹಾಗಾದರೆ ಕಂಪೈಲರ್ ಎಲ್ಲಿ ಎರಡರ ಭಾಗಾಕಾರ ಕಂಡರೂ ಅದನ್ನು ಸರಿಸುವಿಕೆಯಾಗಿ ಬದಲಿಸಿಬಿಡಬಹುದಲ್ಲ?

ಎಂಟು ಮನೆಯ ದ್ವಿಮಾನದಲ್ಲಿ ಮೈನಸ್ 7ನ್ನು ಬರೆಯುವುದು 11111001 ಎಂದು. ಚಿಹ್ನೆಯನ್ನು ಉಳಿಸಿಕೊಂಡು ಒಂದು ಮನೆ ಬಲಕ್ಕೆ ಸರಿಸಿದರೆ 11111100. ಅದು ಮೈನಸ್ 4. ಆದರೆ ಸಿ ಭಾಷೆಯ 1999ರ ಮಾನಕದ ಪ್ರಕಾರ ಪೂರ್ಣಾಂಕ ಭಾಗಾಕಾರವನ್ನು ಸೊನ್ನೆಯ ಕಡೆಗೆ ಮೊಟಕುಗೊಳಿಸಬೇಕು. ಮೈನಸ್ 7ರ ಅರ್ಧ ಮೈನಸ್ ಮೂರೂವರೆ. ಮೊಟಕುಗೊಳಿಸಿದರೆ ಮೈನಸ್ 3. ಯಂತ್ರ ಕೊಟ್ಟದ್ದು ನಾಲ್ಕು, ಭಾಷೆ ಕೇಳಿದ್ದು ಮೂರು.

ಕಂಪೈಲರ್ ಬರೆದವರು ಇದಕ್ಕೊಂದು ಜಾಣ ದಾರಿ ಕಂಡುಕೊಂಡಿದ್ದಾರೆ. ಸರಿಸುವ ಮೊದಲು ಸಂಖ್ಯೆಯ ಚಿಹ್ನೆಯ ಬಿಟ್ಟನ್ನೇ, ಅಂದರೆ ಎಡತುದಿಯ ಮನೆಯ ಅಂಕಿಯನ್ನೇ, ಅದಕ್ಕೆ ಕೂಡಿಸುತ್ತಾರೆ. ಋಣ ಸಂಖ್ಯೆಗೆ ಆ ಬಿಟ್ಟು ಒಂದು, ಧನ ಸಂಖ್ಯೆಗೆ ಸೊನ್ನೆ. ಮೈನಸ್ 7ಕ್ಕೆ ಒಂದು ಕೂಡಿಸಿದರೆ ಮೈನಸ್ 6, ಅಂದರೆ 11111010. ಈಗ ಸರಿಸಿ: 11111101. ಮೈನಸ್ 3. ಪ್ಲಸ್ 7ಕ್ಕೆ ಸೊನ್ನೆ ಕೂಡುವುದರಿಂದ ಏನೂ ಕೆಡುವುದಿಲ್ಲ.

ಇದನ್ನೇ ಪೈಥಾನ್‌ನಲ್ಲಿ ಎರಡು ಓರೆಗೆರೆ ಹಾಕಿ ಭಾಗಿಸಿ ನೋಡಿ, ಉತ್ತರ ಮೈನಸ್ 4. ಪೈಥಾನ್ ಕೆಳಕ್ಕೆ ಮೊಟಕುಗೊಳಿಸುತ್ತದೆ. ಅಲ್ಲಿ ಬರಿಯ ಸರಿಸುವಿಕೆಯೇ ಸರಿ. ಒಂದೇ ಚಿಪ್, ಒಂದೇ ಸಂಖ್ಯೆ, ಎರಡು ಭಾಷೆ, ಎರಡು ಸತ್ಯ.

ಇದು ಕಂಪೈಲರ್ ಕೆಲಸದ ಒಳಗುಟ್ಟು. ಜಾಣತನಕ್ಕೆ ಇಲ್ಲಿ ಬೇಕಾದಷ್ಟು ಜಾಗವಿದೆ, ಆದರೆ ಅರ್ಥ ಕದಲಕೂಡದು. ನಕ್ಷಬಂದ್ ದಾರ ಉಳಿಸಬಹುದು, ಗಂಟು ಕಡಿಮೆ ಮಾಡಬಹುದು. ನವಿಲಿಗೆ ಒಂದು ಗರಿ ಕಮ್ಮಿಯಾಗುವಂತಿಲ್ಲ. ಹೊಸಬರ ತಿದ್ದುಪಡಿಯನ್ನು ನೋಡುವ ಹಿರಿಯರು ಮೊದಲು ಕೇಳುವುದು ಎಷ್ಟು ವೇಗವಾಯಿತು ಎಂದಲ್ಲ. ಮೈನಸ್ 7 ಕೊಟ್ಟರೆ ಏನಾಗುತ್ತದೆ ಎಂದು.

ಯಾರ ಹೊತ್ತು ದುಬಾರಿ?

ಆ ಹಿರಿಯರ ಹತ್ತಿರ ಹೋಗಲು ಹೊಸಬರಿಗಿರುವ ಒಂದು ದಾರಿ ಗೂಗಲ್ ಸಮ್ಮರ್ ಆಫ್ ಕೋಡ್. ಅದು 2005ರಲ್ಲಿ ಆರಂಭವಾಯಿತು. ಮುಕ್ತ ತಂತ್ರಾಂಶದ ಯೋಜನೆಗಳು ಹೊಸಬರನ್ನು ಕೆಲವು ತಿಂಗಳು ಮೆಂಟರ್ ಕೈಕೆಳಗೆ ದುಡಿಸಿ ಕಲಿಸುತ್ತವೆ, ಗೂಗಲ್ ಭತ್ಯೆ ಕೊಡುತ್ತದೆ. ಜಿಸಿಸಿ, ಎಲ್‌ಎಲ್‌ವಿಎಂ ಎರಡೂ ಇದರಲ್ಲಿ ಪಾಲ್ಗೊಳ್ಳುತ್ತ ಬಂದಿವೆ. 2022ರಿಂದ ಕಾಲೇಜಿನಲ್ಲಿಲ್ಲದ ಹೊಸಬರಿಗೂ ಬಾಗಿಲು ತೆರೆದಿದೆ. ಸೂರತ್‌ನ ಎಸ್‌ವಿಎನ್‌ಐಟಿ, ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ, ಅಹಮದಾಬಾದಿನ ಎಲ್.ಡಿ. ಕಾಲೇಜು, ಎಲ್ಲಿ ಓದುತ್ತಿದ್ದರೂ ಅರ್ಜಿಯ ನಮೂನೆ ಒಂದೇ. ಅದರಲ್ಲಿ ಕಾಲೇಜಿನ ಹೆಸರಿಗೆ ಅಂಕವಿಲ್ಲ.

ಅಂಕ ಯಾವುದಕ್ಕಿದೆ ಎಂದು ತಿಳಿಯಬೇಕಾದರೆ ಆಚೆ ಬದಿಯಲ್ಲಿ ಕೂತು ನೋಡಬೇಕು. ಒಂದು ಕೋಟಿಗೂ ಮೀರಿದ ಸಾಲುಗಳ ಕೋಡು. ಅದರ ಒಂದೊಂದು ಮೂಲೆಯನ್ನು ಬಲ್ಲವರು ಬೆರಳೆಣಿಕೆಯಷ್ಟು ಜನ. ಕೋಡು ಬರೆಯುವವರಿಗೆ ಬರವಿಲ್ಲ. ಬರೆದದ್ದನ್ನು ಓದಿ, ಸರಿ ಎಂದು ಸಹಿ ಹಾಕುವವರಿಗೆ ಬರ. ನಿಮ್ಮ ಐವತ್ತು ಸಾಲು ಓದಲು ಒಬ್ಬರ ಒಂದು ಸಂಜೆ ಹೋಗುತ್ತದೆ. ಆ ಸಂಜೆ ದಂಡವಾಗುವುದಿಲ್ಲ ಎಂದು ತೋರಿಸುವುದೇ ನಿಜವಾದ ಅರ್ಜಿ. ನಮೂನೆಯಲ್ಲಿ ತುಂಬುವ ಕಾಗದ ಅದರ ಮುಖಪುಟ.

ನನ್ನ ಮೊದಲ ಪ್ಯಾಚ್, ಅಂದರೆ ಕಳಿಸಿದ ತಿದ್ದುಪಡಿ, ವಾಪಸ್ಸು ಬಂದ ಕತೆ ಹೇಳುತ್ತೇನೆ. ಅದರಲ್ಲಿ ಒಂದು ದೋಷಕ್ಕೆ ಪರಿಹಾರವಿತ್ತು. ದಾರಿಯಲ್ಲಿ ಕಂಡ ಕಾಗುಣಿತವನ್ನೂ ತಿದ್ದಿದ್ದೆ. ಇಡೀ ಕಡತದ ಸಾಲುಗಳ ಅಂಚನ್ನು ಅಂದವಾಗಿ ಜೋಡಿಸಿದ್ದೆ. ಮೂರೂ ಒಳ್ಳೆಯ ಕೆಲಸವೇ. ನೋಡಿದವರ ಉತ್ತರ ಒಂದೇ ಸಾಲು: ಇವು ಮೂರು ಪ್ಯಾಚ್. ಎರಡು ದಿನ ಮುನಿಸಿಕೊಂಡಿದ್ದೆ. ಬೇರ್ಪಡಿಸಿ ನೋಡಿದಾಗ ದೋಷದ ಪರಿಹಾರ ನಾಲ್ಕೇ ಸಾಲು, ಆ ನಾಲ್ಕರಲ್ಲಿ ಒಂದು ತಪ್ಪು. ಅಂದಗೊಳಿಸಿದ ಇನ್ನೂರು ಸಾಲಿನ ನಡುವೆ ಅದು ನನಗೇ ಕಂಡಿರಲಿಲ್ಲ.

ಗಾಳಿಪಟ ಇಳಿಯುವ ಮೊದಲು

ಗುಜರಾತಿನಲ್ಲಿ ಜನವರಿ 14ರ ಉತ್ತರಾಯಣಕ್ಕೆ ಗಾಳಿಪಟ ಹಾರಿಸಲು ಊರೇ ಮಾಳಿಗೆ ಹತ್ತುತ್ತದೆ. ಸಮ್ಮರ್ ಆಫ್ ಕೋಡ್‌ನಲ್ಲಿ ಯಾವ ಯೋಜನೆಗಳಿವೆ ಎಂದು ಗೊತ್ತಾಗುವುದು ಸಾಮಾನ್ಯವಾಗಿ ಫೆಬ್ರುವರಿಯಲ್ಲಿ, ಅರ್ಜಿ ಮಾರ್ಚ್-ಏಪ್ರಿಲ್‌ನಲ್ಲಿ, ಫಲಿತಾಂಶ ಮೇ ತಿಂಗಳಲ್ಲಿ. ಬಹಳ ಮಂದಿ ಮಾರ್ಚ್‌ನಲ್ಲಿ ಎಚ್ಚರಾಗುತ್ತಾರೆ. ಗಾಳಿಪಟ ಇಳಿಯುವ ಮೊದಲೇ ಕಂಪೈಲರನ್ನು ನಿಮ್ಮ ಯಂತ್ರದಲ್ಲಿ ಕಟ್ಟಿ ನಿಲ್ಲಿಸಿರಿ.

ಕಟ್ಟುವುದೇ ಮೊದಲ ಪರೀಕ್ಷೆ. ಎಂಟು ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ ಎಲ್‌ಎಲ್‌ವಿಎಂ ಕಟ್ಟಲು ಹೊರಟವರ ಯಂತ್ರ ಕೊನೆಯ ಹಂತದಲ್ಲಿ ಕಲ್ಲಾಗಿಬಿಡುವುದುಂಟು. ಕೊನೆಯ ಹಂತ ಲಿಂಕಿಂಗ್. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆಳೆ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಹಾಗೆ ಬಿಡಿ ಬಿಡಿಯಾಗಿ ತಯಾರಾದ ತುಂಡುಗಳನ್ನು ಇಲ್ಲಿ ಜೋಡಿಸಬೇಕು. ಡಿಬಗ್ ಮಾಹಿತಿಯೂ ಜೊತೆಗಿದ್ದರೆ ಒಂದೊಂದು ಜೋಡಣೆಯೂ ಗಿಗಾಬೈಟ್‌ಗಟ್ಟಲೆ ಮೆಮೊರಿ ನುಂಗುತ್ತದೆ. ನಾಲ್ಕು ಒಟ್ಟಿಗೆ ಓಡಿದರೆ ಮುಗಿಯಿತು. ಉಪಾಯ ಸರಳ. ರಿಲೀಸ್ ಮಾದರಿಯಲ್ಲಿ ಕಟ್ಟಿ, ಒಳಗಿನ ಎಚ್ಚರಿಕೆಯ ತಪಾಸಣೆಗಳನ್ನು ಮಾತ್ರ ಉಳಿಸಿಕೊಳ್ಳಿ. ಎಲ್ಲ ಚಿಪ್‌ಗಳಿಗೂ ಕಟ್ಟಬೇಡಿ, ನಿಮ್ಮದೊಂದಕ್ಕೇ ಸಾಕು. ಒಂದು ಸಲಕ್ಕೆ ಒಂದೇ ಲಿಂಕ್ ಎಂದು ಕಟ್ಟುಹಾಕಿ. ರಾತ್ರಿ ಬಿಟ್ಟು ಮಲಗಿ.

ಬೆಳಿಗ್ಗೆ ಎದ್ದು ಏನನ್ನೂ ತಿದ್ದದೆ ಯೋಜನೆಯ ಪರೀಕ್ಷೆಗಳನ್ನು ಓಡಿಸಿ. ಸಾವಿರ ಸಾವಿರ ಪುಟ್ಟ ಪರೀಕ್ಷೆಗಳಿವೆ. ಒಂದೊಂದೂ ಹಿಂದೆ ಯಾರೋ ಎಡವಿದ ಜಾಗದಲ್ಲಿ ನೆಟ್ಟ ಕಲ್ಲು. ಹತ್ತನ್ನು ಆರಿಸಿ ಓದಿ, ಇದನ್ನು ಇಲ್ಲಿ ಏಕೆ ನೆಟ್ಟರು ಎಂದು ಕೇಳಿಕೊಳ್ಳಿ. ಪಠ್ಯಪುಸ್ತಕ ಕೊಡದ ಶಿಕ್ಷಣ ಅಲ್ಲಿದೆ. ನಮ್ಮ ಕಾಲೇಜುಗಳ ಕಂಪೈಲರ್ ಪಾಠ ಬಹುಪಾಲು ಪದ ಒಡೆಯುವ ಲೆಕ್ಸರ್, ವಾಕ್ಯ ಬಿಡಿಸುವ ಪಾರ್ಸರ್‌ಗಳ ಹತ್ತಿರವೇ ಸವೆದು ಹೋಗುತ್ತದೆ. ದೊಡ್ಡ ಯೋಜನೆಗಳಲ್ಲಿ ಅವೆರಡೂ ಎಂದೋ ಮುಗಿದ ಕೆಲಸ. ಬೆವರು ಹರಿಯುವುದು ನಕ್ಷೆಯ ಮೇಲೆ, ಚಿಪ್‌ನ ಬದಿಯಲ್ಲಿ. ಆ ಕಂದರ ದಾಟಲು ನಮ್ಮಲ್ಲೇ ಹಾಕಿದ ಸೇತುವೆಗಳಿವೆ. ಮುಂಬಯಿ ಐಐಟಿಯ ಉದಯ್ ಖೇಡ್ಕರ್ ಮತ್ತು ಸಂಗಡಿಗರು ಜಿಸಿಸಿಯ ಒಳಾಂಗಣವನ್ನು ವಿವರಿಸಿ ತಯಾರಿಸಿದ ಪಾಠಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಎನ್‌ಪಿಟಿಇಎಲ್‌ಗೆ ಕೊಟ್ಟ ಉಪನ್ಯಾಸಗಳು ಪುಕ್ಕಟೆ ಸಿಗುತ್ತವೆ. ಅದೇ ಸಂಸ್ಥೆಯ ಉದಯ್ ಬೊಂಡುಗುಲ ಕುಣಿಕೆಗಳನ್ನು, ಅಂದರೆ ಲೂಪ್‌ಗಳನ್ನು, ಮರುಜೋಡಿಸುವ ಪ್ಲುಟೊ ಎಂಬ ಮುಕ್ತ ತಂತ್ರಾಂಶ ಬರೆದವರು. ಇಂದು ಎಲ್‌ಎಲ್‌ವಿಎಂನ ಭಾಗವಾಗಿರುವ ಎಂಎಲ್‌ಐಆರ್ ಎಂಬ ಹೊಸ ನಕ್ಷೆಯನ್ನು ಮೊದಲಿಗೆ ಕಟ್ಟಿದವರಲ್ಲೂ ಅವರೊಬ್ಬರು.

ಇನ್ನು ಕೈ ಹಚ್ಚುವುದು. ಹೊಸಬರಿಗೆಂದು ಗುರುತು ಹಾಕಿಟ್ಟ ಸುಲಭದ ದೋಷಗಳಿಗೆ ಜನ ಮುಗಿಬೀಳುತ್ತಾರೆ. ಎಷ್ಟೋ ಸಲ ನೀವು ತಲುಪುವ ಮೊದಲೇ ಯಾರೋ ಹಿಡಿದಿರುತ್ತಾರೆ. ಜನ ತುಳಿಯದ ದಾರಿ ಒಂದಿದೆ: ದೋಷವನ್ನು ಕಿರಿದುಗೊಳಿಸುವುದು. ಯಾರೋ ಒಂಬೈನೂರು ಸಾಲಿನ ಪ್ರೋಗ್ರಾಂ ಲಗತ್ತಿಸಿ, ಇದನ್ನು ಕೊಟ್ಟರೆ ಕಂಪೈಲರ್ ಕುಸಿಯುತ್ತದೆ ಎಂದು ದೂರಿರುತ್ತಾರೆ. ಒಂಬೈನೂರನ್ನು ಓದಲು ಯಾರಿಗೂ ಪುರಸೊತ್ತಿಲ್ಲ, ದೂರು ಧೂಳು ತಿನ್ನುತ್ತಿರುತ್ತದೆ. ನೀವು ಅರ್ಧ ತೆಗೆಯಿರಿ. ಇನ್ನೂ ಕುಸಿಯುತ್ತದೆಯೇ? ಹಾಗಿದ್ದರೆ ಉಳಿದುದರಲ್ಲಿ ಮತ್ತರ್ಧ ತೆಗೆಯಿರಿ. ಕುಸಿಯುವುದು ನಿಂತಿತೇ? ಹಿಂದೆ ಹೋಗಿ ಬೇರೆ ಅರ್ಧವನ್ನು ತೆಗೆಯಿರಿ. ಸಂಜೆಯ ಹೊತ್ತಿಗೆ ಕೈಯಲ್ಲಿ ಒಂಬತ್ತು ಸಾಲು ಉಳಿಯುತ್ತದೆ, ಒಂದನ್ನು ತೆಗೆದರೂ ದೋಷ ಮಾಯ. ಹೀಗೆ ಕಿರಿದಾದ ದೋಷ ಅರ್ಧ ಪರಿಹಾರವಾದಂತೆಯೇ. ಈ ಕೆಲಸ ಮಾಡುವ ಸ್ವಯಂಚಾಲಿತ ಉಪಕರಣಗಳೂ ಇವೆ. ಮೊದಲ ಎರಡು ಸಲ ಕೈಯಿಂದಲೇ ಮಾಡಿ.

ಹಳೆಯ ಕಂಪೈಲರ್‌ನಲ್ಲಿ ದೋಷ ಎಲ್ಲಿ ಉಳಿದಿರುತ್ತದೆ ಎಂಬ ಅನುಮಾನವೇ? ಯೂಟಾ ವಿಶ್ವವಿದ್ಯಾಲಯದವರು ಸಿಸ್ಮಿತ್ ಎಂಬ ಉಪಕರಣದಿಂದ ಯದ್ವಾತದ್ವಾ ಸಿ ಪ್ರೋಗ್ರಾಂಗಳನ್ನು ಹುಟ್ಟಿಸಿ ಕಂಪೈಲರ್‌ಗಳಿಗೆ ಉಣಿಸಿದರು. ಅದುವರೆಗೆ ಯಾರಿಗೂ ಗೊತ್ತಿರದಿದ್ದ 325ಕ್ಕೂ ಹೆಚ್ಚು ದೋಷಗಳು ಸಿಕ್ಕವು ಎಂದು 2011ರಲ್ಲಿ ವರದಿ ಮಾಡಿದರು. ಜಿಸಿಸಿ, ಎಲ್‌ಎಲ್‌ವಿಎಂ ಎರಡೂ ಆ ಪಟ್ಟಿಯಲ್ಲಿದ್ದವು.

ಪರಿಹಾರ ಬರೆದಾಗ ಅದರ ಜೊತೆ ಒಂದು ಪರೀಕ್ಷೆಯನ್ನೂ ಬರೆಯಿರಿ. ನಿಮ್ಮ ತಿದ್ದುಪಡಿ ಇಲ್ಲದಿದ್ದರೆ ಅದು ಸೋಲಬೇಕು, ಇದ್ದರೆ ಗೆಲ್ಲಬೇಕು. ಎರಡನ್ನೂ ಓಡಿಸಿ ನೋಡಿಯೇ ಕಳಿಸಿ. ಜಿಸಿಸಿಗೆ ಕಳಿಸುವುದಾದರೆ ಕಾಗದಪತ್ರದ ಕೆಲಸ ಮರೆಯಬೇಡಿ: ಹಕ್ಕುಸ್ವಾಮ್ಯವನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಬರೆದುಕೊಡುವುದು ಒಂದು ದಾರಿ, ಈ ಕೋಡು ಕೊಡುವ ಹಕ್ಕು ನನಗಿದೆ ಎಂದು ಪ್ರತಿ ಪ್ಯಾಚಿನ ಕೆಳಗೆ ಸಹಿಯ ಸಾಲು ಹಾಕುವುದು 2021ರಿಂದ ಒಪ್ಪಿತವಾದ ಇನ್ನೊಂದು ದಾರಿ.

ಎಐ ಉಪಕರಣಗಳ ವಿಷಯಕ್ಕೆ ಒಂದೇ ಮಾತು. ಅವು ನಾಲ್ಕು ಸಾಲಿನ ಪರಿಹಾರವನ್ನೂ ಬರೆದುಕೊಡುತ್ತವೆ, ನಲವತ್ತು ಪುಟದ ಅರ್ಜಿಯನ್ನೂ. ಆದರೆ ಮೈನಸ್ 7ರ ಪ್ರಶ್ನೆ ಬಂದಾಗ ಉತ್ತರ ಕೊಡಬೇಕಾದವರು ನೀವು. ನಿಮಗೆ ವಿವರಿಸಲು ಬಾರದ ಒಂದು ಸಾಲನ್ನೂ ನಿಮ್ಮ ಹೆಸರಿನಲ್ಲಿ ಕಳಿಸಬೇಡಿ. ಅರ್ಜಿಯ ಕಾಗದವೂ ಅಷ್ಟೇ, ನಾಲ್ಕು ಸಂಗತಿ ಇದ್ದರೆ ಸಾಕು: ಏನು ಮಾಡುತ್ತೀರಿ, ಈಗಾಗಲೇ ಏನು ಮಾಡಿದ್ದೀರಿ, ವಾರವಾರಕ್ಕೆ ಏನು ಮುಗಿಯುತ್ತದೆ, ನಿಮ್ಮ ಕಾಲೇಜಿನ ಪರೀಕ್ಷೆ ಯಾವ ವಾರ. ಕೊನೆಯದನ್ನು ಮುಚ್ಚಿಡುವವರೇ ಹೆಚ್ಚು. ಸೆಮಿಸ್ಟರ್ ಪರೀಕ್ಷೆಯ ಎರಡು ವಾರ ಕೆಲಸ ಮಾಡಲಾರೆ ಎಂದು ಮೊದಲೇ ಬರೆದವರನ್ನು ಮೆಂಟರ್‌ಗಳು ನಂಬುತ್ತಾರೆ.

ಕಲಾಭವನದ ಕಡೆಯಿಂದ

ಇಂಗ್ಲಿಷ್ ಬರುವುದಿಲ್ಲ ಎಂಬ ಅಳುಕು ವಡೋದರಾದಲ್ಲೂ ಉಂಟು, ವಿಜಯಪುರದಲ್ಲೂ ಉಂಟು. ವಡೋದರಾದ ಮಟ್ಟಿಗೆ ಅದಕ್ಕೊಂದು ಹಳೆಯ ಉತ್ತರವಿದೆ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1890ರಲ್ಲಿ ಅಲ್ಲಿ ಕಲಾಭವನ ಎಂಬ ತಾಂತ್ರಿಕ ಶಾಲೆ ತೆರೆದಾಗ, ಅದನ್ನು ಕಟ್ಟಿ ನಿಲ್ಲಿಸಿದವರು ಸೂರತ್ ಮೂಲದ ರಸಾಯನ ವಿಜ್ಞಾನಿ ತ್ರಿಭುವನದಾಸ್ ಗಜ್ಜರ್. ಬಣ್ಣ ಹಾಕುವ ರಸಾಯನಶಾಸ್ತ್ರವನ್ನೂ ಯಂತ್ರವಿದ್ಯೆಯನ್ನೂ ಜನರ ಭಾಷೆಯಲ್ಲೇ ಕಲಿಸಬೇಕೆಂದು ಹಟ ಹಿಡಿದು ಗುಜರಾತಿಯಲ್ಲಿ ಪಾಠ ಮಾಡಿಸಿದರು, ಪುಸ್ತಕ ಬರೆಸಿದರು. ಆ ಕಲಾಭವನವೇ ಇಂದು ಸಯಾಜಿರಾವ್ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿಭಾಗ.

ಮೊದಲು ನಿಮ್ಮ ಭಾಷೆಯಲ್ಲಿ ವಿಷಯ ತಿಳಿಯಾಗಲಿ. ಮೈನಸ್ 7ರ ಕತೆಯನ್ನು ಕೋಣೆಯ ಗೆಳೆಯನಿಗೆ ಗುಜರಾತಿಯಲ್ಲೋ ಕನ್ನಡದಲ್ಲೋ ಹೇಳಿ ನೋಡಿ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ನಿಮಗೇ ಅರ್ಥವಾಗಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಬರೆಯಬೇಕಾದದ್ದು ಐದು ಸಣ್ಣ ವಾಕ್ಯ: ನಾನು ಕೊಟ್ಟದ್ದು ಇದು, ಬರಬೇಕಾದದ್ದು ಇದು, ಬಂದದ್ದು ಇದು, ಕಂಪೈಲರ್ ಯಾವ ಆವೃತ್ತಿ, ಯಂತ್ರ ಯಾವುದು. ಆಚೆ ಕಡೆ ಓದುವವರಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷ್ ಮನೆಮಾತಲ್ಲ. ಅಲಂಕಾರ ಅವರಿಗೂ ತೊಡಕು.

ಇಷ್ಟೆಲ್ಲ ಮಾಡಿದ ಮೇಲೂ ಮೇ ತಿಂಗಳಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದಿರಬಹುದು. ಜಾಗ ಕಡಿಮೆ, ಅರ್ಜಿ ಹೆಚ್ಚು. ಆಗ ಕತಾರ್ಗಾಂನ ರಟ್ಟಿನ ಮಾಲೆಯನ್ನು ನೆನಪು ಮಾಡಿಕೊಳ್ಳಿ. ನಮ್ಮಲ್ಲಿ ತೇಪೆ ಹಚ್ಚುವುದು ಎಂದರೆ ತಾತ್ಕಾಲಿಕ, ಅರೆಬರೆ ಎಂಬ ಅರ್ಥ. ಗಣಕದವರ ಪ್ಯಾಚ್ ಎಂಬ ಮಾತೂ ತೇಪೆಯೇ. ತೂತಿನ ಕಾರ್ಡು, ಕಾಗದದ ಪಟ್ಟಿಗಳ ಕಾಲದಲ್ಲಿ ತಪ್ಪಿದ ತುಂಡನ್ನು ಕತ್ತರಿಸಿ ಹೊಸ ತುಂಡನ್ನು ಅಂಟಿಸುತ್ತಿದ್ದರು, ಬೇಡದ ತೂತಿನ ಮೇಲೆ ಕಾಗದ ಮೆತ್ತುತ್ತಿದ್ದರು. ಆ ಹೆಸರು ಅಲ್ಲಿಂದ ಉಳಿದು ಬಂದಿದೆ. ಸೂರತ್‌ನ ಮಗ್ಗದಲ್ಲೂ ಒಂದು ಪಟ್ಟಿ ಕೆಟ್ಟರೆ ಇಡೀ ಮಾಲೆಯನ್ನು ಎಸೆಯುವುದಿಲ್ಲ. ಅದೊಂದನ್ನು ಬಿಚ್ಚಿ, ಹೊಸದೊಂದಕ್ಕೆ ತೂತು ಹೊಡೆದು, ಅದೇ ಜಾಗದಲ್ಲಿ ಹೊಲಿಯುತ್ತಾರೆ. ಅದನ್ನು ಹೊಲಿದವನ ಹೆಸರು ಸೀರೆ ಕೊಳ್ಳುವವರಿಗೆ ಗೊತ್ತಾಗುವುದಿಲ್ಲ. ಆದರೆ ಮಾಲೆ ಸುತ್ತು ಬಂದಾಗಲೆಲ್ಲ ಆ ಪಟ್ಟಿಯ ಸರದಿ ಬರುತ್ತದೆ, ಸೂಜಿ ಒಳಗೆ ಹೋಗುತ್ತದೆ, ಏಳಬೇಕಾದ ಎಳೆ ಏಳುತ್ತದೆ.